ಸಮೀಕರಣದ ಸುತ್ತ ಜಾಗ ಎಷ್ಟಿರ್ಬೇಕು?

ಪ್ರಶ್ನೆ: ಸರ್, ನಾನು ಪಿಯು ಕಾಲೇಜಲ್ಲಿ ಗಣಿತ ಹೇಳ್ಕೊಡ್ತೀನಿ, ನೋಟ್ಸು, ಪ್ರಶ್ನೆಪತ್ರಿಕೆ ಎಲ್ಲಾ ಲೇಟೆಕ್ ಅನ್ನೋ ಅಕ್ಷರಜೋಡಣೆ ಸಾಫ್ಟ್‌ವೇರಲ್ಲೇ ಟೈಪ್ ಮಾಡೋದು. ಸೀನಿಯರ್ ಒಬ್ರು ಕೊಟ್ಟ ಹಳೇ ಫೈಲ್ ನೋಡ್ಕೊಂಡು ಸಮೀಕರಣಗಳನ್ನ ಸಾಲಾಗಿ ಜೋಡಿಸೋ ಈಕ್ಯುಎನ್‌ಅರೇ (eqnarray) ಕಮಾಂಡ್ ಬಳಸ್ತಾ ಬಂದಿದೀನಿ. = ಚಿಹ್ನೆ ಒಂದರ ಕೆಳಗೊಂದು ಬರುತ್ತೆ, ಆದ್ರೆ ಅದರ ಎರಡೂ ಪಕ್ಕ ಜಾಗ ಜಾಸ್ತಿ ಅನ್ಸುತ್ತೆ. ಕೆಲವು ಸಮೀಕರಣದ ಮೇಲೆ ಗ್ಯಾಪ್ ದೊಡ್ಡದು, ಕೆಲವದರ ಮೇಲೆ ಚಿಕ್ಕದು. ಒಂದೊಂದಕ್ಕೂ ಮೇಲೆ ಕೆಳಗೆ ಜಾಗ ಹೊಂದಿಸೋ ವಿಸ್ಪೇಸ್ ಕಮಾಂಡ್ ಹಾಕಿ ಹಾಕಿ ಸಾಕಾಗಿದೆ.
— ಉಪನ್ಯಾಸಕಿ, ಹಾಸನ

ಉತ್ತರ: ಮೇಡಂ, ನಿಮ್ಮ ಕಣ್ಣಿಗೆ ಕಂಡಿದ್ದು ಸರಿ. ಮಾಮೂಲಿ ಸಮೀಕರಣದಲ್ಲಿ 10 ಪಾಯಿಂಟ್ ಅಕ್ಷರಕ್ಕೆ = ಚಿಹ್ನೆಯ ಒಂದೊಂದು ಪಕ್ಕ 3 ಪಾಯಿಂಟ್‌ಗೂ ಕಮ್ಮಿ ಜಾಗ ಬರುತ್ತೆ, ಈಕ್ಯುಎನ್‌ಅರೇಲಿ ಪಕ್ಕಕ್ಕೆ 10 ಪಾಯಿಂಟ್, ಯಾಕಂದ್ರೆ ಅದು ಮೂರು ಕಾಲಮ್ಮಿನ ಟೇಬಲ್, ಟೇಬಲ್ಲಿನ ಕಾಲಮ್ ಗ್ಯಾಪೇ ಅಲ್ಲಿ ಕೂತಿರುತ್ತೆ. ಸಮೀಕರಣ ಉದ್ದ ಆದ್ರೆ ಬಲಗಡೆ ನಂಬರಿನ ಮೇಲೇ ಹೋಗಿ ಬೀಳೋದೂ ಇದೆ. ದಯವಿಟ್ಟು ಅದನ್ನ ಬಿಟ್ಟುಬಿಡಿ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯವರ ಎಎಂಎಸ್‌ಮ್ಯಾತ್ ಪ್ಯಾಕೇಜ್ (ಲೇಟೆಕ್‌ಗೆ ಸೇರಿಸ್ಕೊಳೋ ಗಣಿತದ ಕಮಾಂಡುಗಳ ಕಂತೆ) ಹಾಕ್ಕೊಂಡು ಅದರಲ್ಲಿರೋ ಅಲೈನ್ (align) ಬಳಸಿ. ಒಂದು ಎಚ್ಚರಿಕೆ: ಹಳೇ ಅಭ್ಯಾಸದಲ್ಲಿ ಕಾಲಮ್ ಬೇರೆ ಮಾಡೋ & ಚಿಹ್ನೆನ &=& ಅಂತ ಎರಡು ಪಕ್ಕಕ್ಕೂ ಹಾಕ್ಬೇಡಿ, ಅಲೈನ್‌ನಲ್ಲಿ ಹಾಗೆ ಹಾಕಿದ್ರೆ ಬಲಭಾಗ ಬೇರೆ ಕಾಲಮ್ಮಿಗೆ ಹೋಗಿ ಎಲ್ಲೋ ದೂರ ನಿಲ್ಲುತ್ತೆ. &= ಅಷ್ಟೇ, = ಚಿಹ್ನೆಗೆ ಮುಂಚೆ ಒಂದೇ &.

ಇನ್ನು ಮೇಲಿನ ಗ್ಯಾಪ್. ಮೊದಲು ಫೈಲಲ್ಲಿ ಸಮೀಕರಣದ ಮುಂಚೆ ಖಾಲಿ ಸಾಲು ಬಿಟ್ಟಿದೀರಾ ನೋಡಿ, ಬಿಟ್ಟಿದ್ರೆ ಅದು ಹೊಸ ಪ್ಯಾರಾ ಅಂತ ಲೆಕ್ಕ, ಪುಟದಲ್ಲೂ ಒಂದು ಖಾಲಿ ಸಾಲು ಬಂದು ಕೂತ್ಕೊಳುತ್ತೆ. ಓದೋಕೆ ಅನುಕೂಲ ಆಗ್ಲಿ ಅಂತ ಬಿಟ್ಟಿದ್ರೆ ಆ ಸಾಲಲ್ಲಿ ಬರೀ % ಹಾಕಿ. ನನಗೆ ಬರೋ ಫೈಲುಗಳಲ್ಲಿ ಅರ್ಧಕ್ಕರ್ಧ ತೊಂದ್ರೆ ಇದೇ. ಖಾಲಿ ಸಾಲು ಇಲ್ದೆನೂ ಗ್ಯಾಪ್ ಬೇರೆ ಬೇರೆ ಬಂದ್ರೆ ಅದು ತಪ್ಪಲ್ಲ, ಮೇಲಿನ ವಾಕ್ಯದ ಕೊನೇ ಸಾಲು ಗಿಡ್ಡ ಇದ್ದು ಸಮೀಕರಣ ಶುರುವಾಗೋ ಜಾಗಕ್ಕೆ ಮುಂಚೆನೇ ಮುಗಿದುಹೋಗಿದ್ರೆ ಅಲ್ಲಿ ಆಗ್ಲೇ ಖಾಲಿ ಕಾಣ್ತಿರುತ್ತೆ, ಅದಕ್ಕೆ ಟೆಕ್ (ಲೇಟೆಕ್ ಒಳಗೆ ಕೆಲಸ ಮಾಡೋ ಮೂಲ ಪ್ರೋಗ್ರಾಂ) ಬೇಕಂತಲೇ 10 ಪಾಯಿಂಟ್ ಬದಲು ಸೊನ್ನೆ ಹತ್ರ ಬಿಡುತ್ತೆ. ಕಣ್ಣಿಗೆ ಸಮ ಕಾಣ್ಲಿ ಅಂತ ಮಾಡಿರೋದು ಅದು, ನೀವು ವಿಸ್ಪೇಸ್ ಹಾಕಿದ್ರೆ ಕೆಡುತ್ತೆ.

ಕನ್ನಡದ ನೋಟ್ಸ್ ಆದ್ರೆ ಮಾತ್ರ ನಾನು ಬೇರೆ ಹೇಳ್ತೀನಿ. 'ಸಂಖ್ಯಾಶಾಸ್ತ್ರ' ಅನ್ನೋ ಪದ ನೋಡಿ, ಒತ್ತಕ್ಷರ ಎಷ್ಟು ಕೆಳಗೆ ಇಳಿಯುತ್ತೆ! ಕೆಳಗೆ ಎತ್ತರದ ಭಿನ್ನರಾಶಿ ಬಂದ್ರೆ ಎರಡೂ ಡಿಕ್ಕಿ ಹೊಡೆದಂಗೆ ಇರುತ್ತೆ. ಸಮೀಕರಣದ ಮೇಲಿನ ಗ್ಯಾಪ್ ಎಷ್ಟು ಅಂತ ಹೇಳೋ ಅಬವ್‌ಡಿಸ್‌ಪ್ಲೇಸ್ಕಿಪ್ ಅನ್ನೋ ಅಳತೆನ ಎರಡು ಮೂರು ಪಾಯಿಂಟ್ ಏರಿಸಿ, ಒಂದೇ ಸಲ, ಇಡೀ ಪುಸ್ತಕಕ್ಕೆ. ಫೈಲಲ್ಲಿ ಬಿಗಿನ್ ಡಾಕ್ಯುಮೆಂಟ್ ಅನ್ನೋ ಸಾಲು ಆದ್ಮೇಲೆ ಹಾಕಿ, ಮುಂಚೆ ಹಾಕಿದ್ರೆ ನಿಲ್ಲಲ್ಲ, ಅಕ್ಷರದ ಸೈಜ್ ಸೆಟ್ ಆಗೋವಾಗ ಅಳಿಸಿಹೋಗುತ್ತೆ.

ಪ್ರಶ್ನೆ: ಥೀಸಿಸ್ ಡ್ರಾಫ್ಟ್ ಮೇಲೆ ಗೈಡ್ 'ಇಂಟಿಗ್ರಲ್‌ನ ಡಿಎಕ್ಸ್ (dx) ಅಂಟ್ಕೊಂಡಿದೆ, ಲಾಗ್ (log) ಓರೆ ಆಗಿದೆ' ಅಂತ ಕೆಂಪು ಗುರುತು ಹಾಕಿದಾರೆ. ಸ್ಪೇಸ್‌ಬಾರ್ ಎಷ್ಟು ಒತ್ತಿದ್ರೂ ಜಾಗ ಬರ್ತಿಲ್ಲ.
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಗಣಿತದೊಳಗೆ ಟೆಕ್ ಸ್ಪೇಸ್‌ಬಾರನ್ನ ಲೆಕ್ಕಕ್ಕೇ ತಗೊಳಲ್ಲ. ಒಂದೊಂದು ಚಿಹ್ನೆಗೂ ಅಲ್ಲಿ ಒಂದು ಜಾತಿ ಇದೆ, ಜಾಗ ಬರೋದು ಅದರಿಂದ. ಆ ಜಾಗದ ಅಳತೆ ಮ್ಯೂ, 1 ಎಮ್ (ಸುಮಾರು ಅಕ್ಷರದ ಸೈಜಿನಷ್ಟು ಅಗಲ) ಅಂದ್ರೆ 18 ಮ್ಯೂ; ಅಲ್ಪವಿರಾಮ ಆದ್ಮೇಲೆ 3, ಕೂಡೋ + ಚಿಹ್ನೆಯ ಅಕ್ಕಪಕ್ಕ 4, = ಥರದ ಸಂಬಂಧಕ್ಕೆ 5. −5 ಅಂತ ಬರೆದ್ರೆ ಅದು ಕಳೆಯೋ ಚಿಹ್ನೆ ಅಲ್ಲ ಅಂತ ಅದಕ್ಕೇ ಗೊತ್ತಾಗಿ ಜಾಗ ಬಿಡಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕದ ಪ್ರೂಫ್ ನೋಡಿ ಬೇಜಾರಾಗಿ ಟೆಕ್ ಬರೆಯೋಕೆ ಕೂತಾಗ, ಚೆನ್ನಾಗಿ ಅಚ್ಚಾಗಿದ್ದ ಹಳೇ ಗಣಿತ ಪತ್ರಿಕೆಗಳನ್ನ ಮುಂದಿಟ್ಕೊಂಡು ಜೋಡಣೆಯನ್ನ ಅಭ್ಯಾಸ ಮಾಡಿದ್ರು. ಅಚ್ಚಿನ ಮೊಳೆ ಜೋಡಿಸ್ತಿದ್ದವರ ಕೈಯಲ್ಲಿದ್ದ ವಿದ್ಯೆ ಅದು, ನಮಗೆ ಪುಕ್ಕಟೆ ಸಿಕ್ಕಿದೆ, ಅದನ್ನ ಕೆಡಿಸ್ದೆ ಬಳಸೋಣ.

ಹಾಗಾಗಿ ಲಾಗ್‌ಗೆ ಬರೀ ಅಕ್ಷರ ಹೊಡೀಬೇಡಿ, ಅದಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಶ್ (\) ಹಾಕಿ. ನೆಟ್ಟಗೂ ಬರುತ್ತೆ, ಪಕ್ಕದ ಜಾಗಾನೂ ತಾನಾಗೇ ಬರುತ್ತೆ. ಹೀಗೆ ಬರೆಯೋ ಹೆಸರುಗಳ ಪಟ್ಟೀಲಿ ಇಲ್ಲದ ಹೆಸರು ಬೇಕಾದ್ರೆ ಡಿಕ್ಲೇರ್‌ಮ್ಯಾತ್‌ಆಪರೇಟರ್ ಅನ್ನೋ ಕಮಾಂಡ್ ಇದೆ. ಫಂಕ್ಷನ್ ಬರೆಯೋವಾಗ ಎ → ಬಿ ಅನ್ನೋದಕ್ಕೆ ಮುಂಚೆ ಬರೋ : ಚಿಹ್ನೆಗೆ ಕೀಬೋರ್ಡಿನ ಕೋಲನ್ ಒತ್ತಿದ್ರೆ ಟೆಕ್ ಅದನ್ನ ಅನುಪಾತ ಅಂದ್ಕೊಂಡು ಎರಡೂ ಪಕ್ಕ ಜಾಗ ಬಿಡುತ್ತೆ, ಅಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಕೋಲನ್ ಅಂತ ಟೈಪ್ ಮಾಡಿ. ಕೈಯಾರೆ ಜಾಗ ಕೊಡ್ಬೇಕಾಗಿರೋದು ನಿಮ್ಮ ಡಿಎಕ್ಸ್‌ಗೆ, ಅದರ ಮುಂಚೆ \, ಹಾಕಿ, 3 ಮ್ಯೂ ಬರುತ್ತೆ, ಅಷ್ಟು ಸಾಕು.

ಪ್ರಶ್ನೆ: ಉದ್ದದ ಅಲೈನ್ ಇಡಿಯಾಗಿ ಮುಂದಿನ ಪುಟಕ್ಕೆ ಹೋಗಿ ಅರ್ಧ ಪುಟ ಖಾಲಿ ಬಿಡ್ತಿದೆ, ಏನ್ಮಾಡ್ಲಿ?
— ಓದುಗರು, ಶಿವಮೊಗ್ಗ

ಉತ್ತರ: ಎಎಂಎಸ್‌ಮ್ಯಾತ್ ತಾನಾಗಿ ಅದನ್ನ ಒಡೆಯಲ್ಲ. ಶುರುವಲ್ಲೇ ಅಲೌಡಿಸ್‌ಪ್ಲೇಬ್ರೇಕ್ಸ್ ಅಂತ ಒಂದು ಕಮಾಂಡ್ ಹಾಕಿ. ಎಲ್ಲಾದ್ರೂ ಒಡೀಬಾರದು ಅನ್ನಿಸೋ ಸಾಲಿನ ಕೊನೇಲಿ \\ ಬದಲು \\* ಹಾಕಿದ್ರೆ ಆ ಎರಡು ಸಾಲು ಜೊತೇಲೇ ಇರ್ತವೆ.