ಪುಣೆಯ ವೃದ್ಧಾಶ್ರಮ: 35 ಸಾವಿರ ಅಂದವರು 50 ಕೇಳಿದರೆ

ಪುಣೆಯ ವೃದ್ಧಾಶ್ರಮದವರು ಮೊದಲು ತಿಂಗಳಿಗೆ 35 ಸಾವಿರ ಅಂದು, ವಾಕರ್ ಹಿಡಿದು ಓಡಾಡುವ ಅಪ್ಪನನ್ನು ನೋಡಿದ ಮೇಲೆ 50 ಸಾವಿರ ಕೇಳಿದರು ಅಂದಿದ್ದೀರಿ. ಮೊದಲಿನದು ಬಹುಶಃ ತಾವೇ ಓಡಾಡುವವರ ದರ. ವಾಕರ್ ಹಿಡಿದವರಿಗೆ ಅಟೆಂಡೆಂಟ್ ಖರ್ಚು ಬೇರೆ ಇರಬಹುದು. ಅಟೆಂಡೆಂಟ್, ಡೈಪರ್, ಫಿಸಿಯೋಥೆರಪಿ ಎಲ್ಲದರ ದರವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಹಾಸಿಗೆ ಹಿಡಿದರೆ ಇಟ್ಟುಕೊಳ್ತಾರಾ, ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್ ಅನ್ನೋದೂ ಕರಾರಿನಲ್ಲೇ ಇರಲಿ, ಬಾಯಿಮಾತು ನಂಬಬೇಡಿ.

ಆಮೇಲೆ ಟೇಪ್ ಹಿಡಿದು ಹೋಗಿ. ಬಚ್ಚಲ ಬಾಗಿಲು 900 ಮಿಲಿಮೀಟರ್ ಇದ್ದರೆ ವೀಲ್‌ಚೇರ್ ಸಲೀಸಾಗಿ ಹೋಗುತ್ತೆ (ಹಿರಿಯರಿಗಾಗಿ ಕಟ್ಟಿ ಮಾರುವ ಮನೆಗಳಿಗೆ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಮಹಾರೇರಾ 2024ರಲ್ಲಿ ಹೇಳಿದ ಅಳತೆಯೂ ಇದೇ). ಕಮೋಡ್ ಪಕ್ಕದ ಹಿಡಿಕೆಗೆ ಮೈಭಾರ ಬಿಟ್ಟು ಜಗ್ಗಿ ನೋಡಿ. ಗೋಡೆಗೆ ಗಟ್ಟಿಯಾಗಿ ಕೂರಿಸದಿದ್ದರೆ ಅಲ್ಲಾಡುತ್ತೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತಾರೆ, ಅಪ್ಪನಿಗೆ ಮರಾಠಿ ಬರದಿದ್ದರೆ ಅವರಲ್ಲಿ ಕನ್ನಡ ಬಲ್ಲವರಿದ್ದಾರಾ ಕೇಳಿ. 15 ದಿನ ಇರಿಸಿ ನೋಡಿಯೇ ಡಿಪಾಸಿಟ್ ಕಟ್ಟಿ.