ಸಾರಂಗಿ ಕೇಳಲು ಹೋಗಿ ಬೇಜಾರಾಗಿ ಬಂದೆ

ಪ್ರಶ್ನೆ: ಅಕ್ಕಾ, ಹೋದ ತಿಂಗಳು ನಮ್ಮ ಕಲಬುರಗಿಯಲ್ಲಿ ಒಂದು ಹಿಂದೂಸ್ತಾನಿ ಕಛೇರಿ ಇತ್ತು. ಹಾರ್ಮೋನಿಯಂ ಇಲ್ಲ, ಎಲೆಕ್ಟ್ರಾನಿಕ್ ತಂಬೂರಿ ಇಲ್ಲ, ಎಲ್ಲಾ ಹಳೆಯ ವಾದ್ಯಗಳೇ ಎಂದು ಕರಪತ್ರದಲ್ಲಿತ್ತು. ಅಪ್ಪ ರೇಡಿಯೋದಲ್ಲಿ ಸಾರಂಗಿ, ಅಂದರೆ ಕಮಾನಿನಿಂದ ನುಡಿಸುವ ಆ ತಂತಿವಾದ್ಯ, ಕೇಳಿ ಬೆಳೆದವರು. ಆಸೆಯಿಂದ ಕರೆದುಕೊಂಡು ಹೋದೆ. ಭಾಷಣ, ಸನ್ಮಾನವೇ ಒಂದು ತಾಸು ನಡೆಯಿತು. ಆಮೇಲೆ ಸಾರಂಗಿ ಕಿರ್ ಅನ್ನುತ್ತಿತ್ತು. ಮತ್ತೆ ಮತ್ತೆ ನಿಲ್ಲಿಸಿ ಶ್ರುತಿ ಮಾಡಿಕೊಂಡರು. ಕೊನೆಯ, ಹಳೆಯ ಗಾಯನ ಶೈಲಿಯ ಧ್ರುಪದ್‌ನಲ್ಲಿ ಮೃದಂಗದಂಥ ಪಖವಾಜ್ ಬರೀ ಡಬ್ ಡಬ್. ಅಕ್ಕಪಕ್ಕದವರು ‘ವಾಹ್’ ಅನ್ನುತ್ತಿದ್ದರು. ನನ್ನ ಕಿವಿಯೇ ಸರಿಯಿಲ್ವಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ನಿಮ್ಮ ಕಿವಿ ಚೆನ್ನಾಗಿಯೇ ಇದೆ. ಆ ಒಂದು ತಾಸಿನ ಸನ್ಮಾನ ಓದಿ ನನಗೆ ಸಂಕಟವಾಯಿತು. ಅಷ್ಟು ಹೊತ್ತೂ ವಾದ್ಯಗಳು ವೇದಿಕೆಯ ಲೈಟಿನ ಕೆಳಗೇ ಇದ್ದಿರಬೇಕು, ಅಲ್ವಾ? ಸಾರಂಗಿಯ ಮುಖ್ಯ ತಂತಿ ಮೂರು. ಅವು ಆಡಿನ ಕರುಳಿನಿಂದ ಮಾಡಿದವು. ಬಿಸಿ ತಾಗಿದರೆ, ಗಾಳಿಯ ತೇವ ಏರಿಳಿದರೆ ಶ್ರುತಿ ಜಾರುತ್ತದೆ. ಅವುಗಳ ಕೆಳಗೆ ಮೂವತ್ತಕ್ಕೂ ಜಾಸ್ತಿ ಲೋಹದ ತಂತಿಗಳಿವೆ, ತರಬ್ ಅನ್ನುತ್ತಾರೆ. ಕಮಾನು ಮುಟ್ಟದೆಯೇ ಅವು ದನಿಗೂಡಬೇಕು. ಶ್ರುತಿ ತಪ್ಪಿದರೆ ಸುಮ್ಮನಾಗುತ್ತವೆ. ಉಳಿಯುವುದು ಬರೀ ಕಮಾನಿನ ಉಜ್ಜಾಟ, ಮೈಕ್ ಅದನ್ನೇ ದೊಡ್ಡದು ಮಾಡುತ್ತದೆ. ಪಖವಾಜಿನ ಎಡ ಮುಖಕ್ಕೆ ಗೋಧಿ ಹಿಟ್ಟಿನ ಕಣಕ ಮೆತ್ತಿರುತ್ತಾರೆ. ಫ್ಯಾನಿನ ಗಾಳಿಗೆ ಅದು ಒಣಗಿದರೆ ತುಂಬು ದನಿ ಹೋಯಿತು, ನೀರು ಹಚ್ಚಿ ಮತ್ತೆ ಹದ ಮಾಡಬೇಕು.

ನಾನು ಮೊದಲು ಸಾರಂಗಿ ಕೇಳಿದ್ದು ಕಲಬುರಗಿಯ ಬ್ರಹ್ಮಪುರದ ಒಂದು ಮನೆಯ ಪಡಸಾಲೆಯಲ್ಲಿ. ಶಹಾಬಾದಿ ಫರಸಿ ಮೇಲೆ ಜಮಖಾನ, ಇಪ್ಪತ್ತು ಜನ. ಮೈಕ್ ಇಲ್ಲ, ಫ್ಯಾನೂ ಬಂದ್. ಬೆವರು ಇಳಿಯುತ್ತಿತ್ತು. ನಾನು ಎರಡು ಮೊಳ ದೂರದಲ್ಲಿದ್ದೆ. ಆ ಹಿರಿಯರು ಬೆರಳ ತುದಿಯಿಂದಲ್ಲ, ಉಗುರಿನ ಬುಡದಿಂದ ತಂತಿ ಒತ್ತುತ್ತಿದ್ದರು. ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಕಮಾನು ಎತ್ತಿದ ಮೇಲೂ ತರಬ್‌ನಲ್ಲಿ ಷಡ್ಜ ಉಳಿದಿತ್ತು. ಅದು ಅಡಗುವವರೆಗೆ ಯಾರೂ ಮಿಸುಕಲಿಲ್ಲ.

ಹಾಗಂತ ಹಳೆಯ ವಾದ್ಯ ಎಂಬ ಒಂದೇ ಕಾರಣಕ್ಕೆ ಬೇಸುರಕ್ಕೂ ‘ವಾಹ್’ ಅನ್ನಬೇಕಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು, ಆದರೂ ಗಾಯಕರು ಅದನ್ನು ಬಿಡಲಿಲ್ಲ. ಪೆಟ್ಟಿಗೆ ತೆರೆದರೆ ಸ್ವರ ಸಿದ್ಧ. ಸಾರಂಗಿ ಹಾಗಲ್ಲ, ಅದಕ್ಕೆ ಕಾಯಬೇಕು. ಕಾಯುವ ಮನಸ್ಸಿಲ್ಲದೆ ಕರಪತ್ರದಲ್ಲಿ ಅದರ ಹೆಸರು ಹಾಕುವುದು ಕಲಾವಿದರಿಗೂ ನಿಮಗೂ ಮಾಡಿದ ಅನ್ಯಾಯ. ಸಂಘಟಕರಿಗೆ ಒಂದು ಪತ್ರ ಬರೆಯಿರಿ: ಸನ್ಮಾನ ಕೊನೆಗಿರಲಿ, ಸಾರಂಗಿಗೆ ಸಣ್ಣ ಕೋಣೆ ಸಾಕು.

ಅಪ್ಪನಿಗೆ ಆದ ಬೇಸರ ಹಾಗೇ ಬಿಡಬೇಡಿ. ರಾತ್ರಿ ಊಟವಾದ ಮೇಲೆ ಪಂಡಿತ್ ರಾಮ್ ನಾರಾಯಣ್ ಅವರ ಯಾವುದಾದರೂ ಆಲಾಪ ಹಾಕಿ. ಗಾಯಕರ ಹಿಂದೆ ಕೂರುತ್ತಿದ್ದ ಸಾರಂಗಿಗೆ ತನ್ನದೇ ಕಛೇರಿ ಕೊಟ್ಟವರು ಅವರು, 2024ರಲ್ಲಿ ತೀರಿಕೊಂಡರು. ಹತ್ತು ನಿಮಿಷ ಕೇಳಿದರೂ ಸಾಕು. ಫ್ಯಾನ್ ಬಂದ್ ಮಾಡಿ ಕೂರಿ.