ಘಡಿ ರಿಪೇರಿ ಮಾಡಸ್ರಿ, ಹೊಸದು ಮಾಡಸಬ್ಯಾಡ್ರಿ

ಸೇಡಂ ತಾಲೂಕಿನ ಹಳ್ಳಿ ಸಾಲಿಯ ಅಕ್ಕೋರೊಬ್ರು ಬರದಾರ. ಹೆಸರು ಹಾಕಬ್ಯಾಡ್ರಿ ಅಂತ ಕೇಳ್ಯಾರ, ಹಾಕಿಲ್ಲ.

“ಸಂಪಾದಕರಿಗಿ ಶರಣು. ನಮ್ಮಪ್ಪ ತೀರಿಕೊಂಡ ಮ್ಯಾಲ ಅವ್ವ ಅವರ ಎಚ್‌ಎಂಟಿ ಜನತಾ ಘಡಿ ನನ್ನ ಕೈಯಾಗ ಇಟ್ಟಾಳ. ನೀ ಟೈಮಿಗಿ ಸಾಲಿಗಿ ಹೋಗಾಕಿ, ನೀನೇ ಇಟ್ಕೋ ಅಂದ್ಳು. ಮೊದಲ ಅದು ನಮ್ಮ ಮುತ್ಯಾಂದು, ಶಹಾಬಾದ್ ಕಡಿ ಕಲ್ಲಿನ ಖಣಿಯೊಳಗ ಮುಕಾದಮ ಇದ್ದಾಗ ತೊಗೊಂಡಿದ್ದು. ಅಪ್ಪ ಅದನ್ನೇ ಕಟ್ಕೊಂಡು ಸಿಮೆಂಟ್ ಫ್ಯಾಕ್ಟರಿ ಶಿಫ್ಟಿಗಿ ಹೋಗ್ತಿದ್ರು. ಈಗ ಡಯಲ್ ಹಳದಿ ಆಗ್ಯಾದ, ಗ್ಲಾಸಿನ ತುಂಬ ಗೀರು, ಅಂಚಿಗಿ ಹಿತ್ತಾಳಿ ಕಾಣ್ತದ. ಬೆಂಗಳೂರಾಗಿರೋ ನನ್ನ ತಮ್ಮ, ಅಕ್ಕಾ ಡಯಲ್ ಪೇಂಟ್ ಮಾಡಿ ಕೇಸ್ ಬದಲಿಸಿ ಹೊಸದರಂಗ ಮಾಡಿ ಕೊಡೋರು ಅದಾರ, ಕಳಸೋಣ ಅಂತಾನ. ಇಲ್ಲಂದ್ರ ಶೋಕೇಸ್‌ದಾಗ ಇಡು, ಗಂಡಸರ ಘಡಿ ನೀ ಕಟ್ಕೊಂಡ್ರ ಚಂದ ಕಾಣಲ್ಲ ಅಂತಾನ. ಏನ್ ಮಾಡ್ಲಿ ಹೇಳ್ರಿ. ಒಂದು ಹಳೆ ಸಾಮಾನಿಗಿ ಇಷ್ಟು ಜೀವ ಹಚ್ಕೋಳೋದು ಸರೀನಾ?”

ಅಕ್ಕೋರೇ, ನಿಮ್ಮ ಪತ್ರ ಬಂದು ಹದಿನೈದು ದಿನ ಆಯ್ತು. ಟೇಬಲ್ ಮ್ಯಾಲೇ ಇಟ್ಕೊಂಡೀನಿ, ದಿನಾ ಒಮ್ಮೆ ಓದ್ತೀನಿ. ಮೊದಲ ನಿಮ್ಮ ತಮ್ಮನ ಮಾತಿಗಿ ಸಲ್ಲಬೇಕಾದ ಮರ್ಯಾದಿ ಸಲ್ಲಿಸಿಬಿಡ್ತೀನಿ. ಹುಡುಗ ಪ್ರೀತಿಯಿಂದನೇ ಹೇಳ್ಯಾನ, ಅಪ್ಪನ ಘಡಿ ಹಾಳಾಗಬಾರದು ಅನ್ನೋದೇ ಅವನ ಮನಸಿನ್ಯಾಗೂ ಅದ. ಒಳಗಿನ ಎಣ್ಣಿ ಕೆಲವು ವರ್ಷಕ್ಕ ಒಣಗಿ ಗಟ್ಟಿ ಆಗ್ತದ, ಒಣಗಿದ ಎಣ್ಣಿ ಮ್ಯಾಲೇ ಓಡಿಸಿದ್ರ ಗಾಲಿಗಳ ಸೂಜಿಯಂಥಾ ತುದಿ ಸವೀತಾವ, ಅದು ಖರೇ. ಜನತಾದಾಗ 17 ಸಣ್ಣ ಹರಳುಕಲ್ಲು ಹಾಕಿರೋದೇ ಆ ತುದಿಗಳು ತಿರುಗೋ ಜಾಗಾ ಸವೀಬಾರದು ಅಂತ. ಹಂಗಾಗಿ ಒಳಗ ಸ್ವಚ್ಛ ಮಾಡಸ್ರಿ, ಎಣ್ಣಿ ಹಾಕಸ್ರಿ. ಗ್ಲಾಸ್ ಸೀಳಿದ್ರ ಬದಲಾಯಿಸ್ರಿ, ನೀರು ಧೂಳು ಒಳಗ ಹೋಗ್ತದ. ಬರೀ ಗೀರು ಇದ್ರ ಅದನ್ನೂ ಬದಲಾಯಿಸಬ್ಯಾಡ್ರಿ, ಪ್ಲಾಸ್ಟಿಕ್ ಗ್ಲಾಸು ಅದು, ಟೂತ್‌ಪೇಸ್ಟ್ ಹಚ್ಚಿ ಮೆತ್ತನ ಅರಬಿಲೆ ತಿಕ್ಕಿದ್ರ ಎಷ್ಟೋ ತಿಳಿ ಆಗ್ತದ. ನಿಮ್ಮ ತಮ್ಮನ ಮಾತು ಇಲ್ಲಿ ತನಕ ಒಪ್ಪಿದೆ. ಇದರ ಮುಂದ ಒಪ್ಪಂಗಿಲ್ಲ.

ಯಾಕಂದ್ರ ನಾನು ಒಪ್ಪಿ ಕೆಟ್ಟೀನಿ.

ನಮ್ಮ ಕಾಕಾ ಬಸ್ ಕಂಡಕ್ಟರ್ ಇದ್ದ. ನನ್ನ ಸಾಕಿದಾಂವ ಅವನೇ. ಅವನ ಎಚ್‌ಎಂಟಿ ಘಡಿ ಅಂಚಿಗಿ ಒಂದು ತಗ್ಗು ಇತ್ತು, ಆಳಂದ ರೋಡಿನ್ಯಾಗ ಬಸ್ಸಿನ ಬಾಗಲಕ್ಕ ಕೈ ಬಡದಾಗ ಆಗಿದ್ದು. ಅವ ಹೋದ ಮ್ಯಾಲ ಘಡಿ ನನಗ ಬಂತು. ನಾನು ಆಗ ಹೊಸಾ ನೌಕರಿ, ಹೊಸಾ ಉಮೇದಿ, ಒಂದು ಅಂಗಡಿಯವರು ಹೊಸದರಂಗ ಮಾಡಿ ಕೊಡ್ತೀವಿ ಅಂದ್ರು, ಕೊಟ್ಟುಬಿಟ್ಟೆ. ವಾರ ಬಿಟ್ಟು ಫಳಫಳ ಹೊಳೆಯೋ ಘಡಿ ಬಂತು, ಬಿಳೀ ಡಯಲ್, ಕರೀ ಅಕ್ಷರ, ಹೊಸಾ ಕೇಸು, ಹೊಸಾ ಪಟ್ಟಾ. ಖುಷಿಯಿಂದ ಹೋಗಿ ಚಿಗವ್ವನ ಕೈಯಾಗ ಇಟ್ಟೆ. ಆಕಿಗಿ ಕಣ್ಣು ಮಂದ ಆಗಿತ್ತು. ಹೆಬ್ಬೆರಳಿಂದ ಅಂಚು ಸವರಿ ಸವರಿ ಆ ತಗ್ಗು ಹುಡುಕಿದ್ಳು. ಒಂದು ಸುತ್ತು, ಎರಡು ಸುತ್ತು. ಆಮ್ಯಾಲ “ಯಾರ ಘಡಿ ಇದು?” ಅಂದ್ಳು.

ಅಂಗಡಿಗಿ ಓಡಿ ಹೋಗಿ ಹಳೆ ಡಯಲ್ ವಾಪಸ್ ಕೊಡ್ರಿ ಅಂದ್ರ, “ಅದರ ಮ್ಯಾಲೇ ಬಣ್ಣ ಹೊಡದೀವಲ್ರಿ ಸರ್” ಅಂದ್ರು. ಹಳೆ ಕೇಸ್ ಗುಜರಿಗಿ ಹೋಗಿತ್ತು.

ಇದು ಬರೀ ನನ್ನ ದುಃಖ ಅಲ್ಲ ಅಂತ ತಿಳಿದಿದ್ದು ಆಮ್ಯಾಲ. ಘಡಿ ದಿನಾ ಹತ್ತು ನಿಮಿಷ ಹಿಂದ ಬೀಳಾಕತ್ತು, ಕಲಬುರಗಿ ಸೂಪರ್ ಮಾರ್ಕೆಟಿನ ಕಡಿ ಒಂದು ಮೆಟ್ಲದ ತಳಗ ಗಾಜಿನ ಡಬ್ಬಿ ಇಟ್ಕೊಂಡು ಕೂಡೋ ಘಡಿಸಾಜ್ ಚಾಚಾನ ಹಂತ್ಯಾಕ ಒಯ್ದೆ. ಕಾಕಾನ ಘಡಿ ರಿಪೇರಿ ಮಾಡ್ತಿದ್ದದ್ದು ಚಾಚಾನ ಅಬ್ಬಾ, ಅವರ ನಂತರ ಚಾಚಾ. ಕಣ್ಣಿಗಿ ಭಿಂಗ ಸಿಗಿಸ್ಕೊಂಡು ಹಿಂದಿನ ಮುಚ್ಚಳ ತಗದ್ರು, ಒಳಭಾಗ ಬೆಳಕಿಗಿ ಹಿಡದ್ರು, ಬಾಳ ಹೊತ್ತು ನೋಡಿ “ಸಾಬ್, ಇದರಾಗ ನಮ್ಮ ಕೈ ಇಲ್ರಿ” ಅಂದ್ರು. ಹಂಗಂದ್ರೇನು ಅಂತ ಕೇಳ್ದೆ. ಇನ್ನೊಬ್ಬರ ಘಡಿ ತಗದು ಅದರ ಮುಚ್ಚಳದ ಒಳಮೈ ತೋರ್ಸಿದ್ರು. ಸೂಜಿ ಮೊನಿಲೆ ಗೀಚಿದ ಸಣ್ಣ ಸಣ್ಣ ಅಂಕಿ, ಗುರುತು, ಉರ್ದುವಿನ ಒಂದೆರಡು ಅಕ್ಷರ. ರಿಪೇರಿ ಮಾಡೋರು ಪ್ರತಿ ಸಲ ಘಡಿ ಬಿಚ್ಚಿದಾಗ ತಮ್ಮ ಗುರುತು, ತಾರೀಖು ಅಲ್ಲಿ ಗೀಚತಾರ್ರಿ, ಮುಂದಿನ ಸಲ ಯಾವಾಗ ಎಣ್ಣಿ ಹಾಕಿತ್ತು ಅಂತ ತಿಳೀಲಿ ಅಂತ. “ಈ ಮೂರು ಅಬ್ಬಾಂದು, ಇಲ್ಲಿಂದ ಈ ಕಡಿ ನಂದು” ಅಂದ್ರು.

ಅಲ್ಲೇ ಕುಂತು ನನಗ ಅಳು ಬಂತು. ನಮ್ಮ ಕಾಕಾ ಒಬ್ಬನೇ ಹೋಗಿದ್ದಿಲ್ಲ ಆ ಹಳೆ ಕೇಸಿನ ಜೋಡಿ, ಚಾಚಾನ ಅಪ್ಪನೂ ಹೋಗಿದ್ರು. ಒಂದು ಘಡಿ ಒಂದು ಮನಿತನದಾಗ ಇಳದು ಬರ್ತದ ಅಂತ ನಾವು ತಿಳ್ಕೊಂಡಿರ್ತೀವಿ, ಅದು ಎರಡು ಮನಿತನದಾಗ ಇಳೀತದ್ರಿ ಅಕ್ಕೋರೇ, ಕಟ್ಕೊಂಡವರದು ಒಂದು, ರಿಪೇರಿ ಮಾಡಿದವರದು ಒಂದು.

ಅದಕ್ಕ ನಿಮಗ ಕೈ ಮುಗದು ಹೇಳ್ತೀನಿ, ಡಯಲ್ ಮುಟ್ಟಬ್ಯಾಡ್ರಿ. ಅಂಚಿಗಿ ಹಿತ್ತಾಳಿ ಕಾಣ್ತದ ಅಂತ ನಾಚಿಕಿ ಪಟ್ಟಂಗ ಬರದೀರಿ. ಜನತಾದ ಕೇಸು ಹಿತ್ತಾಳಿದು, ಮ್ಯಾಲ ಕ್ರೋಮಿನ ಲೇಪ. ಆ ಲೇಪ ಎಲ್ಲಾ ಕಡಿ ಒಂದೇ ಸಮ ಸವೀಯಂಗಿಲ್ಲ, ಎಲ್ಲಿ ಬೆವರು ನಿಲ್ತದ, ಎಲ್ಲಿ ಅಂಗಿ ತೋಳು ತಿಕ್ಕತದ ಅಲ್ಲೇ ಸವೀತದ. ನಮ್ಮ ಕಡಿ ಬ್ಯಾಸಿಗಿ ನಿಮಗ ಹೊಸದಾಗಿ ಹೇಳಬೇಕಾ, ಆ ಬಿಸಲಾಗ ಖಣಿಯೊಳಗ ನಿಂತ ಮುತ್ಯಾನ ಬೆವರು ಅದು, ಅದರ ಮ್ಯಾಲ ಅಪ್ಪನ ನೈಟ್ ಶಿಫ್ಟಿಂದು. ಪಾಲಿಶ್ ಗಾಲಿಗಿ ಹಿಡಿದ್ರ ಐದು ನಿಮಿಷದಾಗ ಹೋಗ್ತದ, ಐವತ್ತು ವರ್ಷ ಬೇಕಾಗಿತ್ತು ಬರಾಕ.

ಮತ್ತ ಚಾವಿ ನೋಡ್ರಿ, ಬದೀಗಿರೋ ಗುಂಡಿ. ಹೊಸದಿದ್ದಾಗ ಅದರ ಸುತ್ತ ಚೂಪಾದ ಹಲ್ಲು ಇರ್ತಾವ. ನಿಮ್ಮದರಾಗ ನುಣ್ಣಗ ಆಗಿರಬೇಕು. ದಿನಾ ಒಂದು ಸಲ ಚಾವಿ ಕೊಟ್ಟಾರ ಅಂತ ಹಿಡದ್ರೂ 40 ವರ್ಷಕ್ಕ 14,600 ಸಲ ಆಯ್ತು, ಅದೇ ಹೆಬ್ಬೆರಳು, ಅದೇ ತೋರಬೆರಳು. ನೀವು ಮುಂಜಾನೆ ಅದನ್ನ ತಿರುಗಿಸಿದ್ರ ನಿಮ್ಮ ಬೆರಳು ಕೂಡೋದು ಅಪ್ಪನ ಬೆರಳು ಕೂತ ಜಾಗಾಕ್ಕೇ. ಹೊಸಾ ಗುಂಡಿ ಹಾಕಿಸಿ ಏನ್ ಮಾಡ್ತೀರಿ?

ಬ್ಯಾಟರಿ ಘಡಿಗಿ ನಾನು ಬೈಯಂಗಿಲ್ಲ. ಅದರ ಹರಳು ಸೆಕೆಂಡಿಗಿ 32,768 ಸಲ ಕಂಪಿಸ್ತದ, ನಿಮ್ಮ ಜನತಾ ಸೆಕೆಂಡಿಗಿ 5 ಸಲ ಅಷ್ಟೇ ಟಿಕ್ ಅಂತದ, ಟೈಮ್ ಅದೇ ಸರಿ ತೋರಸ್ತದ, ಒಪ್ಪಿದೆ. ಆದ್ರ ಅದಕ್ಕ ಯಾರೂ ಬೇಕಾಗಿಲ್ಲ. ಚಾವಿ ಘಡಿಗಿ ಮನುಷ್ಯಾ ಬೇಕು, ಎರಡು ದಿನ ಮರತ್ರ ನಿಂತುಬಿಡ್ತದ. ಅದಕ್ಕೇ ನಿಮ್ಮ ತಮ್ಮ ಶೋಕೇಸ್ ಅಂದಾಗ ನನಗ ಪೇಂಟಿಗಿಂತ ಹೆಚ್ಚು ಸಂಕಟ ಆಯ್ತು.

ಇನ್ನು ಗಂಡಸರ ಘಡಿ ಅನ್ನೋ ಮಾತು. ಕೈಗಿ ಕಟ್ಟೋ ಘಡಿ ಮೊದಲು ಹೆಣ್ಣುಮಕ್ಕಳ ಒಡವೀನೇ ಆಗಿತ್ತು ಅಂತ ನಿಮ್ಮ ತಮ್ಮಗ ಹೇಳ್ರಿ. ಯುರೋಪಿನ ಗಂಡಸರು ಕಿಸೆದಾಗ ಸರಪಳಿ ಘಡಿ ಇಟ್ಕೋತಿದ್ರು, ಕೈಗಿ ಕಟ್ಟೋದು ಹೆಂಗಸರ ಶೋಕಿ ಅಂತಿದ್ರು. 1914ರಿಂದ 1918ರ ಮಹಾಯುದ್ಧದಾಗ ಕಂದಕದೊಳಗ ಬಂದೂಕು ಹಿಡದ ಕೈ ಕಿಸೆಕ್ಕ ಹಾಕಾಕ ಆಗಲಾರದ್ದಕ್ಕ ಗಂಡಸರಿಗೂ ಅದು ರೂಢಿ ಆಯ್ತು. ನಮ್ಮ ಕಡಿ ಮದವಿಯೊಳಗ ಅಳಿಯಗ ಉಂಗುರ, ಸೈಕಲ್, ಘಡಿ ಕೊಡಬೇಕಂತ ಎಷ್ಟು ಅಪ್ಪಂದಿರು ಸಾಲ ಮಾಡ್ಯಾರ! ಮಗಳ ಕೈಗಿ ಕಟ್ಟಿದವರು ಎಷ್ಟು ಮಂದಿ? ಹೊಲಾ ಮನಿಯೊಳಗ ಹೆಣ್ಣುಮಕ್ಕಳ ಪಾಲಿಗಿ ಕರ್ನಾಟಕದಾಗ 1994ರಾಗ, ದೇಶಕ್ಕೆಲ್ಲ 2005ರಾಗ ಕಾಯ್ದೆ ಬಂತು. ಘಡಿಗಿ ಕಾಯ್ದೆ ಇಲ್ಲ, ನಿಮ್ಮವ್ವನೇ ನ್ಯಾಯ ಮಾಡ್ಯಾಳ. ಆ ತಾಯಿಗಿ ನನ್ನ ಶರಣಾರ್ಥಿ ಹೇಳ್ರಿ. ಚಂದ ಕಾಣಲ್ಲ ಅಂದ್ನಂತ, ಈಗಿನ ಹುಡುಗ್ಯಾರು ಕಟ್ಟೋ ಸ್ಮಾರ್ಟ್‌ವಾಚು ನಿಮ್ಮ ಜನತಾಕ್ಕಿಂತ ದೊಡ್ಡದು ಇರ್ತದ.

ಹಳೆ ಸಾಮಾನಿಗಿ ಬೆಲಿ ಏನು ಅಂತ ಕೇಳೋರಿಗಿ ಒಂದು ಮಾತು. 2009ರಾಗ ನ್ಯೂಯಾರ್ಕಿನ್ಯಾಗ ಗಾಂಧೀಜಿಯ ಚಷ್ಮಾ, ಚಪ್ಪಲಿ, ತಾಟು, ಬಟ್ಟಲು, ಕಿಸೆ ಘಡಿ ಹರಾಜಿಗಿ ಬಂದಾಗ 18 ಲಕ್ಷ ಡಾಲರಿಗಿ ಹೋದ್ವು. ಹೊಸಾ ಚಪ್ಪಲಿಗಿ ಯಾರು ಅಷ್ಟು ಕೊಡ್ತಾರ? ಪಾಲ್ ನ್ಯೂಮನ್ ಅನ್ನೋ ಅಮೆರಿಕಾದ ನಟ, ಹೆಂಡತಿ ಕೊಟ್ಟ ಘಡಿಯನ್ನ ವರ್ಷಗಟ್ಟಲೆ ಕಟ್ಕೊಂಡು, ಆಮ್ಯಾಲ ಮಗಳ ಗೆಳೆಯಗ ಕೊಟ್ಟುಬಿಟ್ಟಿದ್ದ. ಹಿಂದ ಹೆಂಡತಿ ಕೆತ್ತಿಸಿದ ಎರಡು ಮಾತು, ಹುಷಾರಾಗಿ ಗಾಡಿ ಓಡಿಸು ಅಂತ. 2017ರಾಗ ಅದು 1 ಕೋಟಿ 77 ಲಕ್ಷ ಡಾಲರ್ ಮುಟ್ಟಿತು. ನಿಮ್ಮ ಘಡಿಗಿ ಅಷ್ಟು ಬರ್ತದ ಅಂತ ಅಲ್ಲ, ಮಾರ್ರಿ ಅಂತಂತೂ ಅಲ್ಲವೇ ಅಲ್ಲ. ಕೋಟಿ ಇದ್ದವರು ಸವೆದಿದ್ದನ್ನ ಹುಡುಕ್ಕೊಂಡು ಹೋಗ್ತಾರ, ನಾವು ಕೈಯಾಗಿದ್ದ ಸವಕಲನ್ನ ರೊಕ್ಕ ಕೊಟ್ಟು ಅಳಸ್ತೀವಿ.

ಘಡಿ ಒಂದೇ ಅಲ್ರಿ. ನೀವು ಶಹಾಬಾದ್ ಕಲ್ಲಿನ ಮನಿತನದವರು, ನಿಮಗ ಹೇಳಿದ್ರ ತಿಳೀತದ. ಊರೂರಾಗ ಶಹಾಬಾದ್ ಫರಸಿ ಕಿತ್ತು ಟೈಲ್ಸ್ ಹಾಕಾಕತ್ತಾರ. ಹೊಸ್ತಿಲ ಹಂತ್ಯಾಕ ಮೂರು ತಲಿಮಾರಿನ ಕಾಲು ಸವೆಸಿ ತಗ್ಗು ಮಾಡಿದ ಫರಸಿ, ಬ್ಯಾಸಿಗ್ಯಾಗ ಅದರ ಮ್ಯಾಲ ಬರೀ ಮೈಲೆ ಮಲಗಿದ್ರ ತಂಪು ಅಂದ್ರ ತಂಪು, ಅದನ್ನ ಟ್ರ್ಯಾಕ್ಟರಿನ್ಯಾಗ ತುಂಬಿ ಹಳ್ಳಕ್ಕ ಚೆಲ್ಲತಾರ. ಬೀದರದಾಗ ಮನಿಯೊಳಗಿನ ಹಳೆ ಬಿದರಿ ಹೂಜಿಯನ್ನ ಪೌಡರ್ ಹಾಕಿ ತಿಕ್ಕಿ ಹೊಳಸಾಕ ಹೋಗಿ, ಬೀದರ ಕೋಟೆಯ ಮಣ್ಣಿನಿಂದ ಕುಶಲಕರ್ಮಿ ತಂದ ಆ ಕರೀ ಬಣ್ಣಾನೇ ಬಿಡಿಸಿದವರನ್ನ ಕಂಡೀನಿ. ಕಳೆದ ತಿಂಗಳು ಒಬ್ಬ ಓದುಗರು ತಮ್ಮ ಮುತ್ಯಾನ ಫೋಟೋ ನಮಗ ಕಳಿಸಿದ್ರು, ಯಾವುದೋ ಆ್ಯಪ್‌ದಾಗ ಹಾಕಿ ಬಣ್ಣ ತುಂಬಿ ನುಣ್ಣಗ ಮಾಡಿದ್ದು. ಹಳೇದು ಐತೇನ್ರಿ ಅಂತ ಕೇಳಿ ತರಸ್ಕೊಂಡ್ರ, ಮುತ್ಯಾನ ಮುಖದ ತುಂಬ ಸಿಡುಬಿನ ಕಲೆ! ದೇಶದಾಗ ಸಿಡುಬು 1975ಕ್ಕ ಮುಗೀತು, ಅದನ್ನ ಗೆದ್ದು ಬದುಕಿದ ಮನುಷ್ಯಾ ಆತ, ಕುರುಡಾಗಲಿಲ್ಲ, ಸಾಯಲಿಲ್ಲ, ಮಕ್ಕಳನ್ನ ಬೆಳೆಸಿದ, ಅವನ ಮೊಮ್ಮಗ ಒಂದು ಬಟನ್ ಒತ್ತಿ ಆ ಕಲೆ ಅಳಿಸ್ಯಾನ. ನಾವು ಹಳೆಯದನ್ನೇ ಛಾಪಿಸಿದೆವು. ಓದುಗರು ಸಿಟ್ಟಾದ್ರು, ಆಗಲಿ.

ಮತ್ತ ರಿಪೇರಿ ಅನ್ನೋ ಕೆಲಸಾನೇ ಉಳೀವಲ್ತು. 1961ರಾಗ ಬೆಂಗಳೂರಿನ್ಯಾಗ ಜಪಾನಿನ ಸಿಟಿಜನ್ ಕಂಪನಿಯಿಂದ ಕೆಲಸ ಕಲ್ತು ನಮ್ಮ ಮಂದಿ ಘಡಿ ಮಾಡಾಕ ಶುರು ಮಾಡಿದ್ರು, ಆಮ್ಯಾಲ ತುಮಕೂರಿಗೂ ಫ್ಯಾಕ್ಟರಿ ಬಂತು, 2016ರಾಗ ಎಚ್‌ಎಂಟಿ ಘಡಿ ಕಂಪನಿ ಮುಚ್ಚಬೇಕಂತ ಕೇಂದ್ರ ಸರ್ಕಾರ ತೀರ್ಮಾನ ಮಾಡ್ತು. ಮಾಡೋರು ಹೋದ್ರೂ ಬಿಚ್ಚಿ ಕೂಡಿಸೋರು ಇದ್ರ ಘಡಿ ಬದುಕ್ತದ. ಚಾಚಾನ ಮಗ ಈಗ ಮೊಬೈಲ್ ಕವರ್ ಮಾರ್ತಾನ. ಅವನ ತಪ್ಪಲ್ಲ, ಚಾಚಾನ ಹಂತ್ಯಾಕ ದಿನಕ್ಕ ಎರಡು ಘಡಿ ಬಂದ್ರ ಹೆಚ್ಚು, ಅದರಾಗ ಒಂದು ಬ್ಯಾಟರಿ ಬದಲಾಯಿಸೋದು. ಸಾವಿರಾರು ರೂಪಾಯಿ ಕೊಟ್ಟು ತೊಗೊಂಡ ಸ್ಮಾರ್ಟ್‌ವಾಚಿನ ಬ್ಯಾಟರಿ ಸತ್ರ ಬಿಸಾಡೋ ನಾವು, ಘಡಿಸಾಜ್ ಐನೂರು ಕೇಳಿದ್ರ ಚೌಕಾಸಿ ಮಾಡ್ತೀವಿ.

ಹಳೆ ಸಾಮಾನಿಗಿ ಇಷ್ಟು ಜೀವ ಹಚ್ಕೋಳೋದು ಸರೀನಾ ಅಂತ ಕೇಳೀರಿ. ಹಿಂದಿನವರಿಂದ ಇಳದು ಬಂದ ಕಾಗುಣಿತಾನ ದಿನಾ ಮಕ್ಕಳಿಗಿ ಕಲಿಸೋ ನೀವು ಇದನ್ನ ಕೇಳಬಾರದಾಗಿತ್ತು, ಅದೊಂದು ಮಾತಿಗಿ ನಿಮ್ಮ ಮ್ಯಾಲ ಸಣ್ಣ ಸಿಟ್ಟು ಅದ. ನಿಮ್ಮ ಕರೀ ಹಲಗಿಯ ಸುಣ್ಣದ ಧೂಳು ಆ ಘಡಿ ಪಟ್ಟಾಕ್ಕ ಹತ್ತಲಿ. ಖಣಿ ಧೂಳು, ಸಿಮೆಂಟ್ ಧೂಳು ಆದ ಮ್ಯಾಲ ಅದಕ್ಕ ಬರಬೇಕಾದ ಧೂಳು ಅದೇ.

ರಜಾ ಸಿಕ್ಕಾಗ ಕಲಬುರಗಿಗಿ ಬರ್ರಿ, ಶುಕ್ರವಾರ ಬಿಟ್ಟು. ಆಫೀಸಿಗಿ ಬಂದ್ರ ನಾನೇ ಚಾಚಾನ ಹಂತ್ಯಾಕ ಕರಕೊಂಡು ಹೋಗ್ತೀನಿ. ಮುಚ್ಚಳ ತಗದಾಗ ಒಳಗ ಯಾರ ಯಾರ ಕೈ ಅದಾವ ಅಂತ ನೀವೇ ಭಿಂಗ ಹಾಕ್ಕೊಂಡು ನೋಡ್ರಿ. ಬರುವಾಗ ಅಪ್ಪನ ಹಳೆ ಪಟ್ಟಾ ಮನ್ಯಾಗ ಎಲ್ಲಿದ್ರೂ ಹುಡುಕಿ ತರ್ರಿ, ಹರದಿದ್ರೂ ಪರವಾಗಿಲ್ಲ. ನಮ್ಮ ಕಾಕಾಂದು ಅಂತ ನನ್ನ ಹಂತ್ಯಾಕ ಉಳದಿದ್ದು ಅದೊಂದೇ, ಅಂಗಡಿಯವರು ಕೆಲಸಕ್ಕ ಬರಲ್ಲ ಅಂತ ಪೇಪರಿನ್ಯಾಗ ಸುತ್ತಿ ಕೊಟ್ಟಿದ್ರು. ಅದರಾಗ ಎರಡು ತೂತು ದೊಡ್ಡವು ಆಗ್ಯಾವ. ಒಂದು ಅವ ಗಟ್ಟಿಮುಟ್ಟಾಗಿ ಡ್ಯೂಟಿ ಮಾಡಿದ ವರ್ಷಗಳದ್ದು. ಇನ್ನೊಂದು ಒಳಗ ಬಾಳ ದೂರ ಅದ, ಕಡೀ ಆರು ತಿಂಗಳು ಕೈ ಕಡ್ಡಿ ಆದಾಗ ಚಿಗವ್ವ ಮೊಳಿ ಕಾಸಿ ಹಾಕಿದ್ದು.